ರಟ್ಟಿನಲ್ಲಿ ವೆಂಡೆಲ್ ಭಾವ

ಲಾಸ್ ವೇಗಸ್

ಪ್ರೀತಿಯ ಅಕ್ಕ,

ಇಲ್ಲಿನ ಕಾರಂಜಿಗಳ ಸುದ್ದಿ ಬರೆದು ಕಾರ್ಡು ತುಂಬಿಸಿಬಿಡುವವಳಿದ್ದೆ. ಆದರೆ ಫೋನಿನಲ್ಲಿ ಹೇಳದೆ ಉಳಿಸಿಕೊಂಡ ಒಂದು ವಿಷಯವಿದೆ. ವೆಂಡೆಲ್ ಭಾವ ತೀರಿಕೊಂಡ ಮೂರನೇ ವರ್ಷಕ್ಕೆ, ಈಗ ಕಾನೂನೇ ಒಪ್ಪಿರುವ ಗಾಂಜಾ ವ್ಯಾಪಾರದ ಮೇಳದಲ್ಲಿ, ನಮ್ಮ ಕಂಪನಿಯ ಮಳಿಗೆಯಲ್ಲಿ ಆಳೆತ್ತರಕ್ಕೆ ನಿಂತಿದ್ದಾರೆ, ರಟ್ಟಿನಲ್ಲಿ.

ಗಾಂಜಾ ತೋಟ ಹುಡುಕಿಕೊಂಡು ಪೊಲೀಸ್ ಹೆಲಿಕಾಪ್ಟರುಗಳು ಸುತ್ತುತ್ತಿದ್ದ ಕಾಲದಲ್ಲಿ ನಮ್ಮ ಬೆಟ್ಟದವರು ಯಾರೂ ಕ್ಯಾಮೆರಾಕ್ಕೆ ಮುಖ ಕೊಡುತ್ತಿರಲಿಲ್ಲವಲ್ಲ, ನಿಮ್ಮ ಮದುವೆಯ ಫೋಟೋದಲ್ಲೂ ಭಾವನ ಬೆನ್ನೇ ಇದೆ. ಜಾಹೀರಾತಿಗೆ ಹಳೇ ಬೆಳೆಗಾರನ ಮುಖ ಬೇಕೆಂದು ಕಂಪನಿ ಕೇಳಿದಾಗ, ಅವರನ್ನು ಹಿಡಿದ ದಿನ ಪೊಲೀಸರು ತೆಗೆದ ಚಿತ್ರವನ್ನು ನಾನೇ ಹುಡುಕಿ ಕೊಟ್ಟೆ. ಎದೆಯ ಮುಂದೆ ನಂಬರಿನ ಹಲಗೆಯೂ ಹಾಗೇ ಇದೆ. ಜನ ಸಾಲುಗಟ್ಟಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬ, "ತಾತಾ, ಸ್ವಲ್ಪ ನಗಪ್ಪಾ, ಈಗ ಯಾರೂ ಹಿಡಿಯಲ್ಲ!" ಎಂದು ಗಲ್ಲ ತಟ್ಟಿದ. ನಾನೂ ನಕ್ಕೆ, ಅಕ್ಕ. ಆರ್ಡರುಗಳು ದುಪ್ಪಟ್ಟಾದವು. "ನಿಮ್ಮ ಭಾವ ಬಂಗಾರ ಕಣ್ರೀ" ಎಂದರು ಕಂಪನಿಯ ಯಜಮಾನರು.

ಇನ್ನು ಪ್ರತಿ ಡಬ್ಬಿಯ ಮೇಲೂ ಅದೇ ಮುಖ ಹಾಕಬೇಕಂತೆ. ನಿನ್ನ ಒಪ್ಪಿಗೆ ಕೇಳಿ ಕಂಪನಿಯ ಪತ್ರ ಬರುತ್ತದೆ. ಅದರಲ್ಲಿರುವ ನಯವಾದ ಮಾತೆಲ್ಲ ನಾನೇ ಬರೆದದ್ದು. ನಂಬಬೇಡ, ಸಹಿ ಹಾಕಬೇಡ.

ನನ್ನ ಕೆಮ್ಮು ವಾಸಿಯಾಗಿದೆ. ಕೆಲಸ ಬಿಡುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ತಂಗಿ,
ಡೆಲ್ಫೀನ್

ಅವರ ಪತ್ರ ಹದಿನೆಂಟಕ್ಕೆ ಹೊರಡುತ್ತದೆ. ಇದನ್ನು ನವೆಂಬರ್ ಹದಿನೇಳಕ್ಕೇ ಅಂಚೆಗೆ ಹಾಕುತ್ತೇನೆ.