ಕಟ್ಟೆಯ ಮೇಲಿನ ಪಾಠ

೧೬-೩-೧೯೭೮, ಗುರುವಾರ

ಕಟ್ಟಿಗೆ ಉಳಿಸುವ, ಹೊಗೆಯಿಲ್ಲದ ಒಲೆ ಕಟ್ಟುವ ತರಬೇತಿಗೆ ಗಂಡಸರನ್ನಷ್ಟೇ ಸೇರಿಸಿಕೊಂಡದ್ದು ಅನ್ಯಾಯ. ಹೊಗೆ ಕುಡಿಯುವವರು ಹೆಂಗಸರು. ವಿಜಾಪುರದಲ್ಲಿ ತಿಂಗಳಿಡೀ ಕಲಿತು ಬಂದೆ. ಇಂದು ಬಬಲೇಶ್ವರದ ಮೊದಲ ಮನೆಯಲ್ಲೇ ನೀಲಾಬಾಯಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಪರಗಂಡಸರು ಒಳಗ ಬರಂಗಿಲ್ಲೋ ಯಪ್ಪಾ. ಹೊಗಿ ತಾನ ಹೊರಗ ಬರತೈತಿ, ಅಲ್ಲೇ ಕುಂತು ನೋಡು."

ನಗು ಬಂತು. ಆದರೆ ಒಳಗೆ ಸೊಸೆ ರುದ್ರವ್ವನ ಕೆಮ್ಮು ನಿಲ್ಲಲೇ ಇಲ್ಲ. ಕರಪತ್ರಗಳಲ್ಲಿ ಓದಿದ ಸಮಾನತೆ ಆ ಹೊಸ್ತಿಲಲ್ಲಿ ಕೆಲಸಕ್ಕೆ ಬರಲಿಲ್ಲ.

ರುದ್ರವ್ವನೇ ಬಾಗಿಲ ಮರೆಯಿಂದ ಕೇಳಿದಳು: "ಅತ್ತೀ, ಅವರು ಕಟ್ಟಿ ಮ್ಯಾಲೆ ಕುಂತು ಹೇಳಲಿ, ಒಲಿ ನಾ ಕಟ್ಟತೇನಿ. ಆಗೂದಿಲ್ಲೇನ್ರಿ?"

ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆ ಅವರನ್ನೂ ಬಿಟ್ಟಿರಲಿಲ್ಲ. "ಮಣ್ಣ ನಾ ಕಲಸಿ ಇಡತೇನಿ," ಎಂದರು.

ಹೆಂಗಸರಿಗೆ ಕಲಿಸಿದೆನೆಂದು ತರಬೇತಿಯ ಸಾಹೇಬರು ಬೈದರೆ ಬೈಯಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅವರ ಕಟ್ಟೆಯ ಮೇಲೆ ಮೊದಲ ಪಾಠ.