ಬಳೆ ಇಲ್ಲದ ತೋಳು

ಲಕ್ಷ್ಮೇಶ್ವರ
ಮಾರ್ಚ್, ೧೯೮೬

ನನ್ನ ಯಾಡಿ, ನನ್ನವ್ವ,

ಈ ಪತ್ರವನ್ನು ತಮ್ಮ ನಿನಗೆ ಓದಿ ಹೇಳುತ್ತಾನೆ. ನಡುವೆ ಅವನು ತಡೆದರೆ ನೀರು ಕೊಡು, ಆದರೆ ನಿಲ್ಲಿಸಲು ಬಿಡಬೇಡ. ಇದನ್ನು ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನೀನು ತಲೆ ಸವರಿಬಿಡುತ್ತೀ, ಆಮೇಲೆ ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ.

ಅಪ್ಪ ತೀರಿಕೊಂಡ ದಿನ ನಾನು ಬರಲಿಲ್ಲ. ಅವಳಿಗೆ ಖಬರ ಮುಟ್ಟಿರಲಿಕ್ಕಿಲ್ಲ ಎಂದು ನೀನು ತಾಂಡಾದ ಮಂದಿಗೆ ಹೇಳಿರುತ್ತೀ. ಮುಟ್ಟಿತ್ತು. ಮುಂಡರಗಿ ಬಸ್ಸಿನ ಕಂಡಕ್ಟರ್ ರಹಮಾನಸಾಬರು ನಾನು ಕಲಿಸುವ ಶಾಲೆಯ ಬಾಗಿಲಿಗೇ ಬಂದು, 'ಬಾಯಾರ, ಜಲ್ದಿ ಬರ್ರಿ, ಬಸ್ ನಿಂದ್ರಿಸೇನಿ' ಅಂದಿದ್ದರು. ಹತ್ತದೆ ನಿಂತವಳು ನಾನು. ನಿನ್ನೆ ಅವರೇ ಇನ್ನೊಂದು ಮಾತು ತಂದರು. 'ಗಂಡ ಇದ್ದಾಗನ ಬಳಿ ತಗದಾಕಿ, ಅದಕ್ಕ ಅವ ಹೋದ ಅಂತ ನಿಮ್ಮ ತಾಂಡಾದಾಗ ಆಡಾಕತ್ತಾರ್ರಿ' ಅಂದರು. ಆ ಬಳೆಯನ್ನು ನೀನು ಯಾಕೆ ತೆಗೆದೆ ಎಂದು ಬಲ್ಲವಳು ನಾನೊಬ್ಬಳೇ.

ನೀವು ಮಲ್ಲಸಮುದ್ರದ ಹತ್ತಿರ ರಸ್ತೆಗೆ ಕಲ್ಲು ಒಡೆಯುತ್ತಿದ್ದ ವರ್ಷ ಅದು. ತಮ್ಮ ನಿನ್ನ ಬೆನ್ನಿಗಿದ್ದ, ನಾನು ಜೋಪಡಿಯ ಮುಂದೆ ಒಬ್ಬಳೇ ಆಡುತ್ತಿದ್ದೆ. ಮಕ್ಕಳ ಕಲ್ಯಾಣದವರ ಜೀಪು ಬಂತು. ಕೆದರಿದ ಕೂದಲು, ಬರಿಗಾಲು ನೋಡಿ, ಇವಳಿಗೆ ಹಿಂದಿಲ್ಲ ಮುಂದಿಲ್ಲ ಎಂದು ತೀರ್ಮಾನಿಸಿ ಗದಗಿನ ಒಂದು ಬಾಲಕಿಯರ ಮಂದಿರಕ್ಕೆ ಒಯ್ದರು. ಕೂಗಳತೆಯಲ್ಲಿ ತಾಯಿ-ತಂದೆ ಇದ್ದರು. ಜೀಪಿನವರು ಕೂಗಿ ನೋಡಲಿಲ್ಲ. ನೀವು ಹುಡುಕಿಕೊಂಡು ಬಂದಾಗ ಕಮಿಟಿ ಕೂಡಬೇಕು, ಮನೆ-ಮಠ ಇಲ್ಲದವರಿಗೆ ಹೆಣ್ಣುಮಗುವನ್ನು ಹೇಗೆ ಕೊಡುವುದು ಎಂದರು. ಅಲ್ಲಿಂದ ನಿನ್ನ ರವಿವಾರದ ತಿರುಗಾಟ ಶುರುವಾಯಿತು.

ಮಂದಿರದಲ್ಲಿ ಊಟವಿತ್ತು, ಪಾಟಿ-ಪೆನ್ಸಿಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ಹುಡುಗಿಯರೂ ಇದ್ದರು. ಕನ್ನಡಿ ಕೂರಿಸಿದ ಲಂಗ-ಕುಪ್ಪಸ ತೊಟ್ಟು, ಮೊಣಕೈ ಮೇಲೆ ಬಿಳಿ ಬಳೆ ಏರಿಸಿಕೊಂಡು ನೀನು ಬರುವುದು ಕಂಡೊಡನೆ ಹಣಿಗೆ ಹಿಡಿದು ಓಡಿ ಬರುತ್ತಿದ್ದರು. 'ತಡೀರೇ, ಇಕಿ ಅವ್ವನ ಮೈಯಾಗ ಮಾರಿ ನೋಡಿ ತಲಿ ಬಾಚ್ಕೊಳ್ಳೂಣು.' ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಒಂದು ರವಿವಾರ ನಿನಗೆ ಅಂದೆ, 'ಹಿಂಗ ಬರಬ್ಯಾಡ. ಎಲ್ಲಾರ ಅವ್ವಗೋಳ ಗತೆ ಸೀರಿ ಉಟಗೊಂಡು ಬಾ.' ಅದನ್ನೂ ನಮ್ಮ ಲಮಾಣಿ ಮಾತಿನಲ್ಲಿ ಹೇಳಲಿಲ್ಲ, ಹುಡುಗಿಯರಿಗೆ ಕೇಳಿಸಲಿ ಎಂದು ಕನ್ನಡದಲ್ಲಿ ಹೇಳಿದೆ.

ಮುಂದಿನ ಸಲ ನೀನು ಯಾರದೋ ಹಸಿರು ಸೀರೆ ಉಟ್ಟು ಬಂದೆ. ತೋಳು ಬರಿದಾಗಿತ್ತು. ನಮ್ಮಲ್ಲಿ ಗಂಡ ಇರುವ ತನಕ ತೆಗೆಯಬಾರದ ಬಳೆ. ನೀನು ಸಬಕಾರದ ನೊರೆ ಹಚ್ಚಿ ಎಳೆದಿದ್ದೆ ಅಂತ ಕಾಣುತ್ತದೆ, ಮೊಣಕೈ ತರಚಿತ್ತು. ಬಿಸಿಲು ಕಾಣದ ಚರ್ಮ ಪಟ್ಟೆ ಪಟ್ಟೆಯಾಗಿ ಬೆಳ್ಳಗಿತ್ತು. ಸೀರೆಯ ಮೇಲೆ ಆ ಬಳೆ ಕಂಡರೆ ಮಗಳಿಗೆ ಮತ್ತೆ ನಾಚಿಕೆಯಾದೀತು ಎಂದು ತೆಗೆದೆಯಲ್ಲವೇ?

ಮಂದಿರದ ದೊಡ್ಡ ಬಾಯಾರು ಕೆಟ್ಟವರಲ್ಲ. ನಾಲ್ಕು ತಾಂಡಾ ತಿರುಗಿದವರು, ನಮ್ಮ ಪದ್ಧತಿ ಬಲ್ಲವರು. ಬಲ್ಲವರಾದದ್ದರಿಂದಲೇ ಕೆಲಸ ಕೆಟ್ಟಿತು. ಅವತ್ತು ಕಮಿಟಿಯೂ ಕೂಡಿತ್ತು. ನಿನ್ನನ್ನು ಹೊರಗೆ ಕೂರಿಸಿ, ಅವರು ಒಳಗೆ ಕಣ್ಣೊರೆಸಿಕೊಂಡು, 'ಪಾಪ, ಗಂಡ ಹೋಗ್ಯಾನಂತ ಕಾಣ್ತೈತಿ' ಅಂದರು. ಆಮೇಲೆ ನನ್ನನ್ನು ಕರೆದು ಕೇಳಿದರು, 'ನಿಮ್ಮಪ್ಪ ಸತ್ತಾನೇನವಾ?' ಕಿಟಕಿಯಿಂದ ಗೇಟಿನಾಚೆ ಅಪ್ಪನ ಕೆಂಪು ರುಮಾಲು ಕಾಣುತ್ತಿತ್ತು. ಇಲ್ಲ ಅಂದರೆ, ಮತ್ತೆ ನಿಮ್ಮವ್ವ ಬಳೆ ಯಾಕೆ ತೆಗೆದಳು ಎಂದು ಕೇಳುತ್ತಿದ್ದರು. ನನ್ನ ಸಲುವಾಗಿ ಎಂದು ಹೇಳಬೇಕಾಗುತ್ತಿತ್ತು. ತಲೆ ಕೆಳಗೆ ಹಾಕಿ ನಿಂತೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಈಗ ಮಕ್ಕಳಿಗೆ ಕಾಪಿ ಬರೆಸುತ್ತೇನೆ. ಬರೆಸುವಾಗ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಗಂಡನಿಲ್ಲದ, ಊರೂರು ತಿರುಗುವ ಹೆಂಗಸಿಗೆ ಮಗಳನ್ನು ಕೊಡಲಾಗದು ಎಂದು ಅವತ್ತೇ ತೀರ್ಮಾನವಾಯಿತು. ಅಪ್ಪ ಒಳಗೆ ನುಗ್ಗಿ, 'ನಾ ಜೀವಂತ ಅದೇನ್ರಿ, ನೋಡ್ರಿ ಇಲ್ಲೆ' ಅಂದ. ಉಡಿಕೆ ಮಾಡಿಕೊಂಡ ಎರಡನೇ ಗಂಡ ಇರಬೇಕು, ಅಪ್ಪ ಸತ್ತದ್ದನ್ನು ಹುಡುಗಿ ತಾನೇ ಒಪ್ಪಿದ್ದಾಳೆ ಎಂದು ಹೊರಗೆ ಹಾಕಿದರು. ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಆ ಗೇಟನ್ನು ಮತ್ತೆಂದೂ ದಾಟಲಿಲ್ಲ.

ತಂದೆ ಇಲ್ಲದ ಹುಡುಗಿ ಎಂದೇ ಓದಿದೆ, ಶಾಲೆಯ ಬಾಯಾರಾದೆ. ಹೋದ ಸುಗ್ಗಿಯಲ್ಲಿ ಅಪ್ಪ ಶೇಂಗಾದ ಗಂಟು ಹೊತ್ತು ಈ ಶಾಲೆಗೆ ಬಂದಿದ್ದ. ಅವತ್ತು ಏನಾಯಿತೆಂದು ನಿನಗೆ ಅವನು ಹೇಳಿರಲಿಕ್ಕಿಲ್ಲ. ನಮ್ಮ ಹೆಡ್‌ಬಾಯಾರು ಹನಮಂತವ್ವನವರು, 'ಯಾರಪಾ ನೀನು?' ಎಂದು ಕೇಳಿದರು. ನನಗೆ ಅಪ್ಪ ಇಲ್ಲವೆಂದು ಅವರಿಗೆ ನಾನು ಮೊದಲೇ ಹೇಳಿದ್ದೆ. ಅಪ್ಪ ನನ್ನ ಮುಖ ನೋಡಿದ. ನಾನು ಏನೂ ಅನ್ನುವ ಮೊದಲೇ, 'ನಾ ಇಕಿ ಕಾಕಾ ಅದೇನ್ರಿ' ಅಂದ. ಗಂಟು ಇಳಿಸಿ, ನೀರು ಕೂಡ ಕುಡಿಯದೆ ಹೋದ. ಖರೆ ಹೇಳಲೇ ಯಾಡಿ, ಆ ಹೊತ್ತಿಗೆ ನನ್ನ ಎದೆ ಹಗುರಾಯಿತು. ಹಗುರಾದ ಎದೆ ನೆನೆಸಿಕೊಂಡರೆ ಈಗ ಅನ್ನ ಇಳಿಯುವುದಿಲ್ಲ.

ಅಪ್ಪ ಹೋದ ಖಬರ ಬಂದಾಗಲೂ ಹೆಡ್‌ಬಾಯಾರ ಮುಂದೆ, 'ಕಾಕಾ ತೀರಿಕೊಂಡಾರ್ರಿ' ಅಂದೆ. 'ಪರೀಕ್ಷಿ ನಡದಾವವಾ, ಕಾಕಾಗ ಎಲ್ಲಿ ರಜಾ ಕೊಡ್ಲಿ, ದಿನದ ಕಾರ್ಯಕ್ಕ ಹೋಗಿ ಬಾ' ಅಂದರು. ಅಪ್ಪ ಎಂಬ ಒಂದೇ ಮಾತು ಸಾಕಿತ್ತು. ಬಾಯಿಗೆ ಬರಲಿಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು, ನಾನು ಮಕ್ಕಳಿಗೆ ಉಕ್ತಲೇಖನ ಹೇಳುತ್ತಿದ್ದೆ.

ಇವತ್ತು ಹೋಗಿ ಹೇಳಿದೆ. ಎಲ್ಲ ಬಾಯಾರೂ ಚಹಾಕ್ಕೆ ಕೂತಿದ್ದರು, ಅವರ ಮುಂದೆಯೇ ಹೇಳಿದೆ. 'ಅವತ್ತ ಶೇಂಗಾ ತಂದಾವ ಕಾಕಾ ಅಲ್ಲರಿ. ನಮ್ಮಪ್ಪ. ಸತ್ತಾವನೂ ಅವನ.' ಹನಮಂತವ್ವನವರು ಕಪ್ಪನ್ನು ಕೆಳಗಿಟ್ಟು, 'ನಾವೆಲ್ಲಾ ಕುಂತು ಆ ಶೇಂಗಾ ತಿಂದ್ವಲ್ಲವಾ' ಅಂದರು.

ಅಪ್ಪನ ದಿನದ ಕಾರ್ಯಕ್ಕೆ ಬರುತ್ತೇನೆ. ತಾಂಡಾದ ನಾಯಕರನ್ನೂ ಹಿರಿಯರನ್ನೂ ಕೂಡಿಸು. ಅಪ್ಪ ಬದುಕಿದ್ದಾಗ ನೀನು ಬಳೆ ತೆಗೆದದ್ದು ಯಾರ ಸಲುವಾಗಿ ಎಂದು ಅವರ ನಡುವೆ ನಿಂತು ಹೇಳುತ್ತೇನೆ. ಅಪಶಕುನದವಳು ಎಂಬ ಮಾತು ನಿನ್ನ ಮೇಲೆ ಇನ್ನೊಂದು ದಿನವೂ ಇರಬಾರದು, ಅದು ನನ್ನ ಪಾಲಿನದು. ನಾನು ಬಂದೊಡನೆ ಉಂಡೆಯಾ ಎಂದು ಕೇಳಬೇಡ. ಮೊದಲು ಬೈ. ನಮ್ಮ ಮಾತಿನಲ್ಲೇ ಬೈ, ನನಗೆ ಇನ್ನೂ ತಿಳಿಯುತ್ತದೆ.

ದೇವರು ನಿನ್ನನ್ನು ನಾನು ಬರುವ ತನಕ ಗಟ್ಟಿಯಾಗಿ ಇಡಲಿ.

ಇಂತಿ,
ಸಕ್ರಪ್ಪ ಲಮಾಣಿಯ ಮಗಳು
ಸೋನವ್ವ