ಚಿಲಕಕ್ಕೆ ಕಾಲಂ ಇಲ್ಲ

ಮಾರ್ಚ್ ೪, ಬೆಳಿಗ್ಗೆ

ಇವತ್ತಿನ ಮೂರನೇ ಕೈದಿ. ಬೇಗ ಬಿಟ್ಟರೆ ಮತ್ತೆ ಅದೇ ತಪ್ಪು ಮಾಡ್ತಾನಾ — ಇಪ್ಪತ್ತು ಪ್ರಶ್ನೆ. ಹನ್ನೆರಡು ಅಂಕ ದಾಟಿದರೆ ಒಳಗೇ. ಟೈಪಿಸ್ಟ್ ಆಗಿ ಸೇರಿದವನು, ಬಾಯನ್ನೇ ಬಂಡವಾಳ ಮಾಡಿಕೊಂಡು ಕೈದಿಗಳಿಗೆ ಅಂಕ ಹಾಕೋ ಈ ಕುರ್ಚಿಗೆ ಬಂದೆ. ಕೂಡೋ ಲೆಕ್ಕ ಯಾವತ್ತೂ ತಪ್ಪಿಲ್ಲ.

ಇವನು ಬಡಗಿ. ಹೆಂಡತಿಯ ಕೈ ಮುರಿದು ಜೈಲಿಗೆ ಬಂದವನು.

“ಈಗಲೂ ಸಿಟ್ಟು ಬರುತ್ತಾ?”

“ಸೊಳ್ಳೆ ಬಿಟ್ಟರೆ ಇನ್ಯಾರ ಮೇಲೆ ಸರ್ ಇಲ್ಲಿ?”

ನಕ್ಕುಬಿಟ್ಟೆ. ಕೊನೆಗೆ ಒಟ್ಟು ಹದಿನಾಲ್ಕು ಅಂಕ. ಮನೆಯವರು ಸೇರಿಸಿಕೊಂಡರೆ ಮೂರು ಕಳೆಯಬೇಕು. ಅವನ ಮನೆಗೆ ಹೋಗಿ ನೋಡಬೇಕು.

ಮಾರ್ಚ್ ೬

ಎರಡೇ ಕೋಣೆ. ಬಡಗಿಯ ಹೆಂಡತಿ, ಅವಳ ಅತ್ತೆ. ಮಾತೆಲ್ಲ ಅತ್ತೆಯದೇ. “ಬರಲಿ ಅನ್ನೇ. ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ?”

“ಬರಲಿ ಸರ್.” ಕಣ್ಣು ನೆಲದ ಮೇಲೆ.

ಮಲಗೋ ಕೋಣೆಯ ಬಾಗಿಲಿಗೆ, ಒಳಗಡೆ, ಹೊಸ ಚಿಲಕ.

“ಇದ್ಯಾಕಮ್ಮ?”

“ಗಾಳಿಗೆ ಬಡ್ಕೊಳ್ಳುತ್ತೆ ಸರ್.”

ಆ ಕೋಣೆಗೆ ಕಿಟಕಿಯೇ ಇಲ್ಲ.

ಹೊರಡುವಾಗ, ಅತ್ತೆಗೆ ಕೇಳದ ಹಾಗೆ: “ಸ್ವಲ್ಪ ದಿನ ತವರಿಗೆ ಹೋಗಿ ಇರಬಹುದಲ್ಲಮ್ಮ?”

“ಯಾವ ತವರು ಸರ್? ಅಮ್ಮ ಹೋದ್ಮೇಲೆ ಆ ಮನೇನೂ ಮಾರಿಹೋಯ್ತು. ನನಗ್ಯಾರೂ ಇಲ್ಲ.”

ಮಾರ್ಚ್ ೭

ಸಾಹೇಬರ ಮುಂದೆ ಚಿಲಕದ ವಿಷಯ ಎತ್ತಿದೆ.

“ಚಿಲಕಕ್ಕೆ ಎಷ್ಟು ಅಂಕರೀ? ಫಾರಂನಲ್ಲಿ ಅದಕ್ಕೆ ಕಾಲಂ ಇದೆಯಾ?”

ಇಲ್ಲ.

“ಹೆಂಡತಿ ಬರಲಿ ಅಂದಳು ತಾನೆ?”

ಹೌದು. ಮೂರು ಕಳೆದೆ. ಹನ್ನೊಂದು. ಊರಿಗೆಲ್ಲ ಬುದ್ಧಿ ಹೇಳೋ ಬಾಯಿ ಅಲ್ಲಿ ಬಿಚ್ಚಲಿಲ್ಲ. ಸಹಿ ಹಾಕಿದೆ... ಲೆಕ್ಕವೇನೋ ಸರಿಯಾಗಿಯೇ ಇದೆ.

ಏಪ್ರಿಲ್ ೨

ಬಡಗಿಯನ್ನು ಬಿಟ್ಟರಂತೆ.

ಮೇ ೧೯, ಮಧ್ಯಾಹ್ನ

ಬಿಟ್ಟವರನ್ನು ಒಮ್ಮೆ ನೋಡಿ ಬರಬೇಕು, ನಿಯಮ. ಹೋದೆ. ಬಡಗಿಯೇ ಬಾಗಿಲು ತೆಗೆದ. “ಬನ್ನಿ ಸರ್, ಎಲ್ಲ ನಿಮ್ಮ ದಯೆ.” ಕುರ್ಚಿ ಎಳೆದು ಒರೆಸಿದ. ಮೂಲೆಯಲ್ಲಿ ಅವನ ತಾಯಿ. ನನ್ನನ್ನು ಕಂಡು ಗೋಡೆ ಕಡೆ ತಿರುಗಿ ಕೂತರು.

ಚಿಲಕ ಇಲ್ಲ. ಮೊಳೆಯ ತೂತಿಗೆ ಮರದ ಪುಡಿ ತುಂಬಿ, ಉಜ್ಜಿ, ಬಣ್ಣ ಬಳಿದಿದ್ದಾನೆ. ಕೈಯಾಡಿಸಿದರೂ ಗೊತ್ತಾಗಲ್ಲ. ಒಳ್ಳೆ ಕೆಲಸಗಾರ.

“ಮನೆಯವರು?”

“ತವರಿಗೆ ಹೋದಳು ಸರ್. ಹದಿನೈದು ದಿನ ಆಯ್ತು.”

ನೀರು ಕೊಟ್ಟ. ಕುಡಿದೆ. ಎದ್ದು ಬಂದೆ.

ಆಫೀಸಿಗೆ ಬಂದವನೇ ಪೊಲೀಸರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ — ಚಿಲಕ, ಇಲ್ಲದ ತವರು, ಎಲ್ಲ.

“ಸರಿ. ಆ ಹೆಂಗಸಿನ ಹೆಸರು ಹೇಳಿ.”

ಫೈಲ್ ತೆಗೆದೆ. ಒಂದರಿಂದ ಇಪ್ಪತ್ತರವರೆಗೆ ಬೆರಳಿಟ್ಟು ನೋಡಿದೆ. ಹೆಂಡತಿ. ಹೆಂಡತಿ. ಹೆಂಡತಿ. ನನ್ನದೇ ಕೈಬರಹ. ಹೆಸರು ಎಲ್ಲೂ ಇಲ್ಲ.